ಕೇಳಿ ಕೀಳಬೇಕಾದ ಪೆನ್‌ಡ್ರೈವ್

ಸಂಗ್ರಾಮನ ಟ್ರ್ಯಾಕ್ಟರಿನಲ್ಲಿ ಹಾಡು ನಿಂತದ್ದೇ ಮಾಳಸಿದ್ದನ ಗ್ರಹಚಾರಕ್ಕೆ ಮೂಲ. ತನ್ನ ಪೆನ್‌ಡ್ರೈವ್ ಕೆಟ್ಟಿತೆಂದು ಸಂಗ್ರಾಮ ಸೀದಾ ನದಿದಂಡೆಯ ಪಂಪ್‌ಹೌಸಿಗೆ ನುಗ್ಗಿ, ಅಲ್ಲಿನ ಮಶೀನಿಗೆ ಚುಚ್ಚಿದ್ದ ಪೆನ್‌ಡ್ರೈವನ್ನು ಮೂಲಂಗಿ ಕಿತ್ತಂತೆ ಕಿತ್ತುಕೊಂಡ.

ಜುಗೂಳದ ನೀರಾವರಿ ಸಂಘದ ಆ ಮಶೀನು, ಯಾರ ಹೊಲಕ್ಕೆ ಎಷ್ಟು ನೀರು ಹೋಯಿತೆಂದು ಪೆನ್‌ಡ್ರೈವಿಗೆ ಬರೆಯುತ್ತಿತ್ತು. ಕೀಳುವ ಮೊದಲು ಗುಂಡಿ ಒತ್ತಿ, ದೀಪ ಆರುವತನಕ ಕಾಯಬೇಕು. ಇಲ್ಲದಿದ್ದರೆ ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನಂತೆ ಬಿಮ್ಮನೆ ಕೂರುತ್ತಿತ್ತು, ಪಂಪೂ ನಿಲ್ಲುತ್ತಿತ್ತು. ಯಾರೂ ಹಾಗೆ ಕೀಳದಂತೆ ಕಾಯಲೆಂದೇ ಮಾಳಸಿದ್ದನನ್ನು ಇಟ್ಟಿದ್ದರು. ದೀಪಾವಳಿಗೆ ಕೆಲಸ ಕಾಯಂ ಮಾಡುವುದಾಗಿ ಸಂಘದ ಅಧ್ಯಕ್ಷ ಜಯಪಾಲ ಮಾತು ಕೊಟ್ಟಿದ್ದರು. ಮಾಳಸಿದ್ದ ಚಹಾ ಕುಡಿಯಲು ಎದ್ದ ಹೊತ್ತಿನಲ್ಲೇ ಇದು ನಡೆಯಿತು.

"ಲೇ ಸಂಗ್ಯಾ, ಕೇಳಿ ಕೀಳಬೇಕಿಲ್ಲೇನೋ?" ಎಂದು ಮಾಳಸಿದ್ದ ಓಡಿ ಬಂದ.

"ಯಾರನ್ನ ಕೇಳ್ಲಿ? ನೀ ಇರ್ಲಿಲ್ಲ. ಮಶೀನ್ ಮಾತಾಡಂಗಿಲ್ಲ."

ಪೆನ್‌ಡ್ರೈವನ್ನು ಮತ್ತೆ ಚುಚ್ಚಿದರೂ ಮಶೀನು ಮಿಸುಕಲಿಲ್ಲ. ನೀರು ನಿಂತದ್ದಕ್ಕೆ ಕಬ್ಬಿನ ಹೊಲಗಳಿಂದ ಜನ ಬಂದರು. ಭೀಮಸಿ ಪೆನ್‌ಡ್ರೈವನ್ನು ಧೋತರಕ್ಕೆ ಒರೆಸಿ, ಊದಿ, ಚುಚ್ಚಿದ. ಧನಪಾಲ ಮಶೀನಿನ ಬೆನ್ನಿಗೆ ಗುದ್ದಿದ. ಉಳಿದಿದ್ದ ಒಂದು ದೀಪವೂ ಆರಿತು. ಸುಂದ್ರವ್ವ ಮಾತ್ರ ಏನನ್ನೂ ಮುಟ್ಟದೆ, ತನ್ನ ಬುತ್ತಿಯ ಅರ್ಧ ರೊಟ್ಟಿಯನ್ನು ಮಾಳಸಿದ್ದನ ಕೈಗಿಟ್ಟಳು.

"ಮೊದಲ ತಿನ್ನು. ಬೈಸ್ಕೊಳ್ಳಾಕೂ ಶಕ್ತಿ ಬೇಕು."

ಮಧ್ಯಾಹ್ನ ಜಯಪಾಲರು, ಮಶೀನು ಮಾಡಿದ ಕಂಪನಿಯ ಇಂಜಿನಿಯರ್ ಶುಭಾಂಗಿಯನ್ನು ಕರೆದುಕೊಂಡು ಬಂದರು.

"ಒಂದು ಪೆನ್‌ಡ್ರೈವ್ ಕಾಯಾಕ ಆಗ್ಲಿಲ್ಲೇನು ನಿನಗ? ಹೋಗ್ಲಿ, ಇನ್ನಮ್ಯಾಲ ಜ್ವಾಕಿ."

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎಲ್ಲರೆದುರು ಅನ್ನಿಸಿಕೊಂಡ ಮಾಳಸಿದ್ದನಿಗೆ ತಡೆಯಲಾಗಲಿಲ್ಲ.

"ತಪ್ಪು ನಂದಲ್ರಿ, ಮಶೀನಂದು. ಕಣ್ಣಿ ಹರದ್ರ ಎಮ್ಮಿ ಸಾಯತೈತೇನ್ರಿ? ಇದ್ಯಾಕ ಸಾಯಬೇಕು? ಈ ಇಂಜಿನಿಯರ್ ಬಾಯಾರನ್ನ ಕೇಳ್ರಿ."

ಶುಭಾಂಗಿ ತಲೆಯಾಡಿಸಿದಳು. "ಖರೇ ಐತ್ರಿ ಸಾವ್ಕಾರ. ಪೆನ್‌ಡ್ರೈವ್ ಹೋತು ಅಂತ ಮಶೀನ್ ನಡಸೂ ಒಳಗಿನ ಲಿನಕ್ಸಿಗೆ ಗೊತ್ತಾಗತೈತಿ. ನಮ್ಮ ಪ್ರೋಗ್ರಾಮ್ ಮಾತ್ರ ಇಲ್ಲದ ಪೆನ್‌ಡ್ರೈವಿಗೆ ಬರಕೋತ ಕೂಡತೈತಿ. ಇವರದೇನೂ ತಪ್ಪಿಲ್ಲ."

ಮಾಳಸಿದ್ದನ ಪರವಾಗಿ ಇಷ್ಟು ಮಾತಾಡಿದವರು ಊರಲ್ಲಿ ಯಾರೂ ಇರಲಿಲ್ಲ. ಅವನ ಮೇಲೆ ಮತ್ತೆ ಮಾತು ಬರಬಾರದೆಂದು ಅವಳು ಊಟವನ್ನೂ ಬಿಟ್ಟು ಲ್ಯಾಪ್‌ಟಾಪ್ ಜೋಡಿಸಿ ಪ್ರೋಗ್ರಾಮ್ ತಿದ್ದುತ್ತ ಕೂತಳು.

ಸಂಜೆ ಪಂಪ್ ಶುರುವಾಯಿತು. "ಈಗ ಕೀಳ್ರಿ" ಎಂದಳು. ಮಾಳಸಿದ್ದ ಕಣ್ಣು ಮುಚ್ಚಿ ಕಿತ್ತ. ಪಂಪ್ ನಿಲ್ಲಲಿಲ್ಲ. ಲೆಕ್ಕ ಮಶೀನಿನ ಹೊಟ್ಟೆಯಲ್ಲೇ ಉಳಿದು, ಮತ್ತೆ ಚುಚ್ಚಿದಾಗ ಪೆನ್‌ಡ್ರೈವಿಗೆ ಇಳಿಯಿತು. ಭೀಮಸಿ ಕಿತ್ತ, ಧನಪಾಲ ಕಿತ್ತ. ಮಶೀನು ಜಗ್ಗಲಿಲ್ಲ.

"ನೋಡ್ರಿ, ತಪ್ಪು ಯಾರದಿತ್ತು" ಎಂದು ಮಾಳಸಿದ್ದ ಎದೆ ಸೆಟೆಸಿದ.

ಜಯಪಾಲರು ಮಶೀನನ್ನೇ ನೋಡುತ್ತ ನಿಂತರು. "ಅಂದ್ರ ಬಾಯಾರ, ಯಾರು ಯಾವಾಗ ಕಿತ್ರೂ ನಡೀತೈತಿ?"

"ಹೌದ್ರಿ."

"ಕಾಯೂದು ಬ್ಯಾಡ?"

ಶುಭಾಂಗಿ ಮಾಳಸಿದ್ದನ ಮುಖ ನೋಡಿದಳು. ಲ್ಯಾಪ್‌ಟಾಪಿನ ತಂತಿ ಸುತ್ತತೊಡಗಿದಳು. ಭೀಮಸಿಗೆ ಅಂಥ ಸಂಕೋಚವಿರಲಿಲ್ಲ.

"ಯಾತಕ್ಕ ಕಾಯಬೇಕ್ರಿ? ಈಗ ನಾನೂ ಕಿತ್ನೆಲ್ಲ, ಏನಾತು?"

ಜಯಪಾಲರು ಮಾಳಸಿದ್ದನ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ.

"ನಿನ್ನ ತಪ್ಪಿರ್ಲಿಲ್ಲ ಮಾಳಸಿದ್ದ. ನಾ ಸುಮ್ಮನ ಬೈದೆ, ಮನಸ್ಸಿಗೆ ಹಚ್ಕೋಬ್ಯಾಡ. ನಾಳಿಂದ ಬರೂ ತ್ರಾಸ ತಗೋಬ್ಯಾಡ."