ತಿರುಮಲೇಶನು ಕನ್ನಡಿಯನ್ನು ನೆಟ್ಟಗೆ ಹಿಡಿದ ಮಹಾಪರಾಕ್ರಮ

ಎಲೈ ಕೇಶಧಾರಿಗಳೇ, ಕೇಶಹೀನರೇ, ಈ ಎರಡರ ನಡುವೆ ಬಾಚಣಿಗೆ ಹಿಡಿದು ದಿನ ದೂಡುತ್ತಿರುವ ಸಂದಿಗ್ಧಶಿರಸ್ಕರೇ, ಕಿವಿಗೊಡಿ! ಮನುಷ್ಯನು ಚಂದ್ರನ ಬೆನ್ನನ್ನು ಕಂಡರೂ ತನ್ನ ನೆತ್ತಿಯ ಹಿಂಭಾಗವನ್ನು ಕಾಣಲಾರದ ಈ ಕಲಿಯುಗದಲ್ಲಿ, ಅರಸೀಕೆರೆಯ ಬಸ್ ನಿಲ್ದಾಣದ ಹಿಂಬದಿಯಲ್ಲಿ ವಿರಾಜಮಾನವಾದ ನ್ಯೂ ವಿಜಯಲಕ್ಷ್ಮಿ ಮೆನ್ಸ್ ಪಾರ್ಲರಿನ ಅಧಿಪತಿ, ಕರ್ತರೀಕಂಕತಕೋವಿದ, ಸಹಸ್ರಶ್ಮಶ್ರುಸಂಹಾರಕ, ಫೇನಬುದ್ಬುದಸಾಮ್ರಾಜ್ಯಚಕ್ರವರ್ತಿ ತಿರುಮಲೇಶನು ಮೃತ್ಯುವಿನೊಡನೆ ಸೆಣಸಿದ ಬಗೆಯನ್ನು ಹೇಳುತ್ತೇನೆ. ಆಸಕ್ತಿ ಇಲ್ಲದವರು ಈಗಲೇ ಎದ್ದು ಹೋಗಬಹುದು, ಸರದಿಯಲ್ಲಿ ಇನ್ನೂ ನಾಲ್ಕು ಜನರಿದ್ದಾರೆ.

ಈ ವೀರನಿಗೆ ದಿವ್ಯಾಸ್ತ್ರ ಲಭಿಸಿದ್ದು ಸಮುದಾಯ ಭವನದಲ್ಲಿ ಕ್ಷೌರಿಕರಿಗಾಗಿ ನಡೆದ ಒಂದು ದಿನದ ತರಬೇತಿ ಶಿಬಿರದಲ್ಲಿ. ಅದಕ್ಕೂ ತಪಸ್ಸು ಬೇಕಾಯಿತು. ಉದ್ಘಾಟಕರ ಭಾಷಣ ಎರಡು ಗಂಟೆ, ಹಾರ-ಶಾಲು ಒಂದು ಗಂಟೆ, ಕೇಸರಿಬಾತು ಅರ್ಧ ಗಂಟೆ; ಚರ್ಮದ ಕ್ಯಾನ್ಸರಿಗೆ ಉಳಿದದ್ದು ನಲವತ್ತು ನಿಮಿಷ. ಪರದೆಯ ಮೇಲೆ ಮೂಡಿದ ಮೂಗು, ಬೆನ್ನುಗಳೆಲ್ಲ ಸುಣ್ಣ ಬಳಿದ ಗೋಡೆಯಂಥ ಬಿಳಿಯರವು. ಅಂಥ ತಲೆಯೊಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದದ್ದನ್ನು ಅಲ್ಲಿದ್ದ ಅರವತ್ತು ಕ್ಷೌರಿಕರಲ್ಲಿ ಒಬ್ಬನೂ ಕಂಡಿರಲಿಲ್ಲ. ಕೊನೆಗೆ ಪಾಠ ಹೇಳುತ್ತಿದ್ದ ಚರ್ಮವೈದ್ಯೆಗೇ ನಾಚಿಕೆಯಾಗಿ ಪರದೆ ಆರಿಸಿದರು. "ಇಷ್ಟು ನೆನಪಿಡಿ. ತಿಂಗಳಾದ್ರೂ ಆರದ ಗಾಯ, ಮುಟ್ಟಿದ್ರೆ ರಕ್ತ ಬರೋ ಹುಣ್ಣು, ಬೆಳೀತಾ ಹೋಗೋ ಮಚ್ಚೆ ಕಂಡ್ರೆ ನಮ್ಮ ಹತ್ರ ಕಳಿಸಿ. ಅದೇನು ಅಂತ ಹೇಳೋದು ನಮ್ಮ ಕೆಲಸ. ಆದ್ರೆ ನೀವು ನೋಡೋವಷ್ಟು ತಲೆ ಯಾವ ಡಾಕ್ಟ್ರೂ ನೋಡಲ್ಲ" ಎಂದರು. ಆ ಕೊನೆಯ ಮಾತಿಗೆ ತಿರುಮಲೇಶನ ಎದೆ ಆರಂಗುಲ ಹಿಗ್ಗಿತು.

ಶಿಬಿರ ಮುಗಿದ ನಾಲ್ಕನೆಯ ದಿನವೇ ಶತ್ರು ಗೋಚರಿಸಿದ. ಅವನು ಅಡಗಿದ್ದದ್ದು ನಿವೃತ್ತ ಪಿ.ಟಿ. ಮೇಷ್ಟ್ರು ವೃಷಭೇಂದ್ರಪ್ಪನವರ ನೆತ್ತಿಯ ಹಿಂದೆ. ಮೂವತ್ತೊಂದು ವರ್ಷ ಹೈಸ್ಕೂಲು ಮೈದಾನದಲ್ಲಿ ಟೋಪಿಯಿಲ್ಲದೆ ನಿಂತು ಸೂರ್ಯನಿಗೇ ಸೀಟಿ ಊದಿದ ಆ ಪ್ರಚಂಡಮಾರ್ತಾಂಡತಾಪಸಹಿಷ್ಣುವಿನ ತಲೆಯಲ್ಲಿ ಹುಣಸೆಬೀಜದಷ್ಟು ಹುಣ್ಣು. ಎರಡು ತಿಂಗಳ ಹಿಂದೆ ಅದು ಸಾಸಿವೆಯಷ್ಟಿತ್ತು. ಈ ಸಲ ಬಾಚಣಿಗೆ ತಗುಲಿದ್ದೇ ರಕ್ತ ಒಸರಿತು.

ಆದರೆ ಯುದ್ಧಕ್ಕೊಂದು ಭಯಂಕರ ಅಡ್ಡಿಯಿತ್ತು. ಕ್ಷೌರ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು ತೋರಿಸುವುದು ವೃತ್ತಿಧರ್ಮ. ಹಿಡಿಯುವಾಗ ಬೋಳು ಕಾಣದಂತೆ ಒಂದಿಷ್ಟು ಓರೆ ಮಾಡುವುದು ವೃತ್ತಿಮರ್ಮ. ಒಂಬತ್ತು ವರ್ಷಗಳಿಂದ ಮೇಷ್ಟ್ರಿಗೆ ಕಂಡದ್ದು ಕತ್ತಿನ ಮೇಲಿನ ಪೊದೆ ಮಾತ್ರ. ನೆತ್ತಿಯಲ್ಲಿ ಊಟದ ತಟ್ಟೆಯಗಲ ಬಯಲಾಗಿರುವುದು ಊರಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಬೆರಳಿಗೆ ತಗುಲಿದ್ದನ್ನು ಅವರು ಎಣ್ಣೆಯ ನುಣುಪೆಂದೇ ತಿಳಿದಿದ್ದರು. ಮನೆಯಾಕೆಯೂ ಬಾಯಿ ಬಿಟ್ಟಿರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ಈಗ ಹುಣ್ಣನ್ನು ತೋರಿಸಬೇಕಾದರೆ ಬೋಳನ್ನೂ ತೋರಿಸಲೇಬೇಕು.

ತಿರುಮಲೇಶನು ಕನ್ನಡಿಯನ್ನೆತ್ತಿ ಮನದೊಳಗೇ ಗರ್ಜಿಸಿದ: "ಎಲೆ ದುರುಳ ವ್ರಣವೇ! ಗಡ್ಡಾರಣ್ಯಗಳನ್ನು ನೆಲಸಮಗೈದ ಈ ತೋಳಿನ ಮುಂದೆ ನೀನೆಷ್ಟರವನು? ಇಂದು ನಿನ್ನನ್ನು ಬೆಳಕಿಗೆಳೆಯದಿದ್ದರೆ ಈ ಕತ್ತರಿಯನ್ನು ಮತ್ತೆ ಮುಟ್ಟೆನು!" ಬಾಯಿಂದ ಹೊರಬಿದ್ದದ್ದು ಮಾತ್ರ, "ಸಾರ್... ಹಿಂದ್ಗಡೆ ಸ್ವಲ್ಪ... ನೋಡ್ತೀರಾ?" ಎಂಬಿಷ್ಟೇ.

ಕನ್ನಡಿ ನೆಟ್ಟಗಾಯಿತು. ದಿಕ್ಕುಗಳು ಸ್ತಬ್ಧವಾದವು. ಬೆಂಚಿನ ಮೇಲೆ ಕಾದಿದ್ದ ಕೊಬ್ಬರಿ ವ್ಯಾಪಾರಿ ಶಾಂತವೀರಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

"ಇದ್ಯಾರ್ದು ತಲೆ?" ಎಂದರು ಮೇಷ್ಟ್ರು.

"ನಿಮ್ದೇ ಸಾರ್. ಅಲ್ನೋಡಿ, ಆ ಹುಣ್ಣು..."

"ಹುಣ್ಣು ಆಮೇಲೆ. ಕೂದ್ಲೆಲ್ಲಿ?"

"ಹೋಗಿ ಬಾಳ ದಿನ ಆಯ್ತು ಸಾರ್."

"ನನ್ನ ಕೇಳ್ದೆ ಹೆಂಗೆ ಹೋಯ್ತು? ನೀನೇ ಏನೋ ಮಾಡಿದೀಯ!"

"ಸಾರ್, ರಕ್ತ ಬಂತು. ಇಂಥದ್ದು ಕಂಡ್ರೆ ತೋರಿಸ್ಬೇಕು ಅಂತ ಡಾಕ್ಟ್ರಮ್ಮ ಹೇಳವ್ರೆ."

"ಕತ್ತರಿ ಹಿಡಿಯೋನು ಕತ್ತರಿ ಹಿಡಿ. ಒಂದಿನ ಕೇಸರಿಬಾತ್ ತಿಂದ್ ಬಂದು ನಂಗೆ ವೈದ್ಯ ಹೇಳ್ತೀಯಾ?"

ಒಂಬತ್ತು ವರ್ಷ ಆ ಕೈಯ ಕತ್ತಿಗೆ ಕೊರಳೊಡ್ಡಿ ಕಣ್ಮುಚ್ಚಿ ಕುಳಿತಿದ್ದವರಿಗೆ ಆ ಬಾಯಿಯ ಒಂದು ಮಾತನ್ನು ನಂಬಲಾಗಲಿಲ್ಲ. ತಿರುಮಲೇಶನಿಗೆ ಕೋಪಕ್ಕಿಂತ ಹೆಚ್ಚಾಗಿ ನೋವಾಯಿತು. ಅಷ್ಟರಲ್ಲಿ ಮೇಷ್ಟ್ರು ಕೊರಳಿಗೆ ಕಟ್ಟಿದ್ದ ಬಿಳಿಯ ಬಟ್ಟೆಯ ಸಮೇತ ಎದ್ದು, ರಣರಂಗದಿಂದ ನಿರ್ಗಮಿಸುವ ಉತ್ತರೀಯವಿಲಸಿತ ಸಮ್ರಾಟನಂತೆ ಬೀದಿಗಿಳಿದರು. ನಮ್ಮ ವೀರನೂ ಬಾಚಣಿಗೆ ಹಿಡಿದೇ ಬೆನ್ನಟ್ಟಿದ. ತಿಪಟೂರು ಬಸ್ಸು ಅಡ್ಡ ಬಂದದ್ದರಿಂದ ಇಬ್ಬರೂ ನಿಲ್ಲಬೇಕಾಯಿತು.

"ಮೇಷ್ಟ್ರೇ, ಬೋಳಾದ್ರೆ ಯಾರೂ ಸಾಯಲ್ಲ, ಇಂಥದ್ರಿಂದ ಸಾಯ್ತಾರೆ!" ಎಂದು ತಿರುಮಲೇಶ ಕೂಗಿದ. "ನನ್ನ ಬೈಯಿರಿ. ಎದುರುಗಡೆ ಅಂಗಡೀಗೇ ಹೋಗಿ, ನಿಮ್ಮ ಶಿಷ್ಯರನ್ನೂ ಕರ್ಕೊಂಡೋಗಿ. ಆದ್ರೆ ಮೊದ್ಲು ಆಸ್ಪತ್ರೆಗೆ ನಡೀರಿ. ಅದು ಏನೂ ಅಲ್ದೇ ಇದ್ರೆ ನಿಮ್ಮ ಕಾಲಿಗ್ ಬೀಳ್ತೀನಿ."

ಮೇಷ್ಟ್ರು ಎಡಕ್ಕೂ ಬಲಕ್ಕೂ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಯಾರಾದ್ರೂ ಕೇಳಿಸ್ಕೊಂಡ್ರೇನೋ?" ಎಂದರು.

"ಏನ್ ಸಾರ್, ಸಾಯೋ ವಿಷ್ಯನಾ?"

"ಅಲ್ಲ ಕಣೋ, ಬೋಳು ಅಂದಿದ್ದು."

ಯಾರೂ ಕೇಳಿಸಿಕೊಂಡಿಲ್ಲವೆಂದು ಆಣೆ ಮಾಡಿದ ಮೇಲೆ ಸಂಧಿ ಏರ್ಪಟ್ಟಿತು. ಸೋಮವಾರ ಆಸ್ಪತ್ರೆ, ಮುಂದಿನ ವಾರ ಪರೀಕ್ಷೆಯ ಫಲಿತಾಂಶ. ಅದು ಚರ್ಮದ ಕ್ಯಾನ್ಸರೇ ಆಗಿತ್ತು; ಬೇರು ಬಿಡುವ ಮುನ್ನ ಸಿಕ್ಕಿದ್ದರಿಂದ ಸುತ್ತಲೂ ಕತ್ತರಿಸಿ ತೆಗೆದು ಆರು ಹೊಲಿಗೆ ಹಾಕಿ ಮನೆಗೆ ಕಳಿಸಿದರು. ವರ್ಷ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯೆ ಹೇಳಿದ್ದನ್ನು ಕೇಳಿ ತಿರುಮಲೇಶ ಆ ಮಧ್ಯಾಹ್ನ ಊಟ ಮಾಡಲಾರದೆ ಕುಳಿತಿದ್ದ.

ತಿಂಗಳ ನಂತರ ಭಾನುವಾರ, ಅಂಗಡಿ ಕಿಕ್ಕಿರಿದಿದ್ದಾಗ, ಮೃತ್ಯುಮುಖವಿನಿರ್ಮುಕ್ತರಾದ ಮೇಷ್ಟ್ರು ಪ್ರವೇಶಿಸಿದರು. ವಿಜಯಿಗೆ ಸಲ್ಲಬೇಕಾದ ಕೀರ್ತಿ ಇನ್ನೇನು ಸಲ್ಲುವುದೆಂದು ತಿರುಮಲೇಶ ತಲೆ ತಗ್ಗಿಸಿ, ವಿನಯದ ಭಂಗಿಯಲ್ಲಿ ಕತ್ತರಿಯನ್ನು ಎದೆಗೊತ್ತಿ ನಿಂತ. ಮೇಷ್ಟ್ರು ಕುರ್ಚಿಯಲ್ಲಿ ಕುಳಿತು, ಬೆಂಚಿನಲ್ಲಿದ್ದವರೆಡೆಗೆ ಕುರ್ಚಿಯನ್ನು ತಿರುಗಿಸಿಕೊಂಡು, ತಮ್ಮ ಊಟದ ತಟ್ಟೆಯಗಲದ ನೆತ್ತಿಯ ಮೇಲೆ ಕೈಯಾಡಿಸಿದರು.

"ಆಪರೇಷನ್ ಮಾಡಿ ಹಿಂಗ್ ಮಾಡ್ಬಿಟ್ರು ನೋಡಿ. ಅದಕ್ಕೆ ಮುಂಚೆ ಕಾಡು ಇದ್ದಂಗಿತ್ತು. ಬೇಕಾದ್ರೆ ಇವನ್ನೇ ಕೇಳಿ, ಒಂಬತ್ತು ವರ್ಷದಿಂದ ಕತ್ತರಿಸ್ತಾವ್ನೆ."

ಎಲ್ಲರೂ ಅವನನ್ನೇ ನೋಡಿದರು. ಬದುಕಿ ಬಂದು ಸುಳ್ಳು ಹೇಳುತ್ತಿರುವ ಆ ಮನುಷ್ಯನನ್ನು ಕಂಡು ತಿರುಮಲೇಶನಿಗೆ ಹೊಟ್ಟೆಯೂ ಉರಿಯಿತು, ಸಂತೋಷವೂ ಆಯಿತು.

"ಹೌದು ಸಾರ್, ಕಾಡು," ಎಂದ. "ಕತ್ತರಿಸೋಕೇ ಆಗ್ತಿರ್ಲಿಲ್ಲ."