ಹಸಿರು ಬಿಟ್ಟು ಕದಲದ ಮುಳ್ಳು

ರಾತ್ರಿ ಯಾರೋ ಬಾಗಿಲು ಬಡಿದರು. ಮೆಲ್ಲಗಲ್ಲ, ವಾರಂಟು ಹಿಡಿದು ಬಂದವರ ಗತ್ತಿನಲ್ಲಿ.

ಗೋಪಾಲರಾಯ ಕಂದೀಲು ಹಿಡಿದು ಅಗುಳಿ ತೆಗೆದ. ಹೊಸ್ತಿಲಾಚೆ ನಿಂತಿದ್ದುದು ಟಗರು. ಕುತ್ತಿಗೆಯ ಪಟ್ಟಿ ಕಟ್ಟಿದಂತೆಯೇ ಇತ್ತು, ಬೆನ್ನ ಮೇಲಿನ ಡಬ್ಬಿಯೂ ಇತ್ತು. ಹಿತ್ತಲಲ್ಲಿ ಅದನ್ನು ಕಟ್ಟಿದ್ದ ಹಗ್ಗ ಮಾತ್ರ ಇರಲಿಲ್ಲ. ಮೂತಿಗೆ ಜೋಳದ ಕಾಳು ಮೆತ್ತಿಕೊಂಡಿದ್ದವು. ಪಂಕ್ತಿಯಲ್ಲಿ ಎರಡನೆಯ ಸಲ ಬಡಿಸಲು ಬಾರದವರ ಮೇಲೆ ಮುನಿದ ಬೀಗರಂತೆ ಅದು ಕೊಂಬಿನಿಂದ ಚೌಕಟ್ಟನ್ನು ಮತ್ತೊಮ್ಮೆ ಕುಟ್ಟಿತು.

ಗೋಪಾಲರಾಯ ಕಂದೀಲನ್ನು ಅದರ ಮೂತಿಯ ಹತ್ತಿರ ಹಿಡಿದ. ಟಗರಿಗೆ ಯಾರೋ ಕಾಳು ತಿನ್ನಿಸಿದ್ದರು.

ಉಳ್ಳಾಗಡ್ಡಿಯೂ ಹೊಸ್ತಿಲು ದಾಟದ ಆ ವೈಷ್ಣವರ ಮನೆಗೆ ಟಗರು ಬಂದಾಗ ವಾಡಿ ಜಂಕ್ಷನ್ನಿನ ಹಿಂದಿನ ಓಣಿಯೆಲ್ಲ ನಕ್ಕಿತ್ತು. ಗೋಪಾಲರಾಯ ಪಶುವೈದ್ಯ ಸಂಶೋಧನೆಯ ಯೋಜನೆಯೊಂದರಲ್ಲಿ ಹಂಗಾಮಿ ಸಹಾಯಕ. ಬೆಂಗಳೂರಿನ ಡಾಕ್ಟರೊಬ್ಬರು ಬಂದು, ಟಗರಿನ ಕುತ್ತಿಗೆಯ ರಕ್ತನಾಳದಲ್ಲಿ ಕಡ್ಡಿಯಷ್ಟು ಸಣ್ಣ ಸಂವೇದಕವನ್ನು ಹುದುಗಿಸಿ ಹೋಗಿದ್ದರು. ರಕ್ತದಲ್ಲಿ ಪ್ರಾಣವಾಯುವೆಷ್ಟು, ಇಂಗಾಲದ ಗಾಳಿಯೆಷ್ಟು, ಹುಳಿಯೆಷ್ಟು ಎಂಬುದನ್ನು ಅದು ಹಗಲಿರುಳು ಅಳೆದು ಬೆನ್ನಿನ ಡಬ್ಬಿಗೆ ತಿಳಿಸುತ್ತಿತ್ತು. ಡಬ್ಬಿಯ ಮುಳ್ಳು ಹಸಿರಲ್ಲಿದ್ದರೆ ಕ್ಷೇಮ. ಹುಳಿ ಏರಿದರೆ ಕೆಂಪು. ಏರಿಳಿತವನ್ನು ತಾನೇ ಗೀಚಿಡುವ ಯಂತ್ರ ಇನ್ನೂ ಹಡಗಿನಲ್ಲಿದ್ದುದರಿಂದ, ಅದರ ಬದಲಿಗೆ ಗೋಪಾಲರಾಯನನ್ನು ನೇಮಿಸಿದ್ದರು.

“ಒಣ ಮೇವು ಬಿಟ್ಟು ಬೇರೇನೂ ಕೊಡಬೇಡಿ. ಪರೀಕ್ಷೆ ಸರಿಹೋದರೆ ನಿಮ್ಮ ಕೆಲಸ ಕಾಯಂ. ಕೆಟ್ಟರೆ ನಾನೇನೂ ಮಾಡಲಾರೆ,” ಎಂದು ಡಾಕ್ಟರು ಹೇಳಿದ್ದರು. ಅವರು ಬರಬೇಕಿದ್ದುದು ಮರುದಿನವೇ, ಸಂಜೆಯ ಗಾಡಿಗೆ.

ಕಾಳು ಹೊಟ್ಟೆಯಲ್ಲಿ ಹುದುಗೆದ್ದು ರಕ್ತ ಹುಳಿಯಾಗತೊಡಗಿತು. ಬೆಳಗಾಗುವಷ್ಟರಲ್ಲಿ ಮುಳ್ಳು ಕೆಂಪು ಮುಟ್ಟಿತ್ತು. ಟಗರು ಮದುವೆ ಮುಗಿಸಿದ ಯಜಮಾನನಂತೆ ಕಾಲು ಚಾಚಿ ಮಲಗಿ ಏದುಸಿರು ಬಿಡುತ್ತಿತ್ತು.

“ಇದು ಪೀರಮ್ಮಂದ ಕೆಲಸ,” ಎಂದ ಗೋಪಾಲರಾಯ ಹೆಂಡತಿಗೆ. “ನಿನ್ನಿ ಟಗರಿಗಿ ಅಂಬಲಿ ತಂದಿದ್ಲಲ್ಲ.”

ಪದ್ಮಾಬಾಯಿ ರೊಟ್ಟಿ ಬಡಿಯುತ್ತಲೇ, “ಯಾರ್ದರೆ ಇರ್ಲಿರಿ. ಮುಳ್ಳು ಎಲ್ಲಿ ಅದೋ ಅಲ್ಲೇ ಇರ್ಲಿ. ಡಾಕ್ಟರ್ರಿಗೆ ಇದ್ದದ್ದ ಇದ್ದಂಗ ಹೇಳ್ರಿ,” ಎಂದಳು.

ಕಚೇರಿಯ ವ್ಯವಹಾರ ಹೆಂಗಸರಿಗೆ ತಿಳಿಯದೆಂದುಕೊಂಡು ಗೋಪಾಲರಾಯ ಪಕ್ಕದ ಮನೆಗೆ ನಡೆದ.

“ಪೀರಮ್ಮ, ರಾತ್ರಿ ನಮ್ಮ ಟಗರಿಗಿ ಜೋಳ ಹಾಕಿದ್ದು ನೀನೇ ಏನು?”

“ನಾ ಯಾಕ ಕಳ್ಳಿ ಹಂಗ ರಾತ್ರಿ ಬರ್ಲಿ ರಾಯರ?” ಪೀರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಟಗರಿನ ಕುತ್ತಿಗಿಗಿ ಪಟ್ಟಿ ಕಟ್ಟಿದ್ದು ಕಂಡು, ಬ್ಯಾನಿ ಬಿದ್ದವ್ರನ್ನ ನೋಡಾಕ ಬರಿಗೈಲೆ ಬರಬಾರ್ದಂತ ಹಗಲೇ ಅಂಬಲಿ ತಂದಿದ್ದೆ. ನೀವ್ ಬಾಗಲದಾಗ ನಿಂತು ಹೊಳ್ಳಿ ಕಳಿಸಿದ್ರಿ. ಅದಕ್ಕೇನು, ಬ್ಯಾನಿ ಹೆಚ್ಚಾಗ್ಯಾದ?”

“ಭಾಳ ಹೆಚ್ಚಾಗ್ಯದ.”

ಆ ಒಂದು ಮಾತು ಓಣಿಗೆ ಸಾಕಾಯಿತು. ಹೊತ್ತೇರುವಷ್ಟರಲ್ಲಿ ರೋಗಿಯನ್ನು ಕಾಣಲು ಜನ ಸಾಲುಗಟ್ಟಿದರು. ಯಾರೂ ಬರಿಗೈಲಿ ಬರಲಿಲ್ಲ. ರೊಟ್ಟಿ ಬಂತು, ಬೆಲ್ಲ ಬಂತು, ಯಾರದೋ ಮನೆಯ ಸಜ್ಜಕವೂ ಬಂತು. ಗೋಪಾಲರಾಯ ಎರಡೂ ತೋಳು ಚಾಚಿ ರೈಲ್ವೆ ಗೇಟಿನಂತೆ ಅಡ್ಡ ನಿಂತ.

ಅವನಿಗೊಂದು ಉಪಾಯ ಹೊಳೆಯಿತು. ತಿನ್ನಿಸಿದವರ ಬೆನ್ನು ಹತ್ತುವುದು ಟಗರಿನ ಗುಣ. ಟಗರನ್ನು ಎಬ್ಬಿಸಿ ಬಿಟ್ಟ. ಅದು ಓಣಿಯವರನ್ನೆಲ್ಲ ದಾಟಿ, ತೂರಾಡುತ್ತ ನೇರವಾಗಿ ಅಡುಗೆಮನೆಗೆ ಹೋಗಿ ಪದ್ಮಾಬಾಯಿಯ ಸೆರಗಿಗೆ ಮೂತಿ ಒರೆಸಿತು.

“ದಿನಾ ಮೇವು ಹಾಕಾಕಿ ನಾನೇ. ಮತ್ಯಾರ ಹಿಂದ ಹೋದೀತು?” ಎಂದಳು ಅವಳು. ಉಪಾಯ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಟಗರು ಮತ್ತೆ ಮಲಗಿತು. ಪೀರಮ್ಮ ಇಣುಕಿ, “ರಾಯರ, ನೀವಂತೂ ತಿನ್ನಾಂಗಿಲ್ಲ. ಒಂದು ತೊಡಿ ನಮ್ಮನಿಗಿ ಇರ್ಲಿ,” ಎಂದು ಹೇಳಿಟ್ಟು ಹೋದಳು.

ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಶೌಕತ ಅಲಿ ಡ್ಯೂಟಿ ಮುಗಿಸಿ ಬಂದವನು ಟಗರನ್ನು ಸುತ್ತಿ ನೋಡಿದ. “ರಾವಸಾಬ, ಇದು ದಾವತ್ ಉಂಡವರ ತಕಲೀಫ್. ನಮ್ಮ ಅಬ್ಬಾ ಪ್ರತಿ ಶಾದಿ ಮುಗಿದ ಮ್ಯಾಲ ಹಿಂಗೇ ಮಲಗ್ತಿದ್ರು. ಅಡಗಿ ಸೋಡಾ ನೀರಾಗ ಕಲಸಿ ಕುಡಸ್ರಿ.”

“ಅಬ್ಬಾಗ ಆರಾಮ ಆಗ್ತಿತ್ತೇನು?”

“ಮುಂದಿನ ಶಾದಿಗಿ ಹೋಗೂವಷ್ಟು.”

ಪದ್ಮಾಬಾಯಿ ನಲ್ಲಿಗೆ ನೀರು ತರಲು ಹೋದದ್ದೇ ತಡ, ಗೋಪಾಲರಾಯ ಅವಳ ಸೋಡಾ ಡಬ್ಬಿಯನ್ನು ಖಾಲಿ ಮಾಡಿದ. ಶೌಕತ ಅಲಿ ಕೊಂಬು ಹಿಡಿದ. ಗೋಪಾಲರಾಯ ಬಿದಿರಿನ ಗೊಟ್ಟದಿಂದ ಕುಡಿಸಿದ. ಟಗರು ಮಾಲಗಾಡಿಯ ಇಂಜಿನ್ ಉಗಿ ಬಿಟ್ಟಂತೆ ತೇಗಿತು. ಆಮೇಲೆ ಮುಳ್ಳು ನಿಧಾನವಾಗಿ, ಸಂಕೋಚಪಡುತ್ತ, ಕೆಂಪಿನಿಂದ ಇಳಿದು ಹಸಿರಿಗೆ ಬಂದು ಕೂತಿತು.

“ನಮ್ಮ ಮನಿಯಾಕಿಗೂ ಹೇಳಬ್ಯಾಡ್ರಿ,” ಎಂದ ಗೋಪಾಲರಾಯ.

ಸಂಜೆ ಡಾಕ್ಟರು ಬಂದವರೇ ಡಬ್ಬಿಗೆ ಬಗ್ಗಿದರು. ಮುಖ ಚಿಕ್ಕದಾಯಿತು.

“ಹಸಿರು. ಬೆಳಿಗ್ಗೆ ಹೇಗಿತ್ತು?”

“ಹಸಿರೇ ಸಾರ್. ರಾತ್ರಿಯಿಂದ ಹಸಿರು ಬಿಟ್ಟು ಕದಲಿಲ್ಲ.”

“ಸ್ವಲ್ಪವೂ ಕೆಂಪಿಗೆ ಹೋಗಲಿಲ್ಲವೇ? ಯೋಚನೆ ಮಾಡಿ ಹೇಳಿ.”

“ದೇವರಾಣೆ ಇಲ್ಲ ಸಾರ್.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದರೆ ಮುಗಿಯಿತು ಬಿಡಿ. ಹುಳಿ ಏರಿದರೆ ಯಂತ್ರ ಹಿಡಿಯುತ್ತದೋ ಇಲ್ಲವೋ ಎಂಬುದೇ ಪರೀಕ್ಷೆ. ನಿಮಗೆ ಗೊತ್ತಿದ್ದರೆ ನಿಮ್ಮ ಕಣ್ಣಿಗೆ ಇಲ್ಲದ ಕೆಂಪೂ ಕಂಡೀತೆಂದು ಹೇಳಿರಲಿಲ್ಲ. ನಿನ್ನೆ ರಾತ್ರಿ ಟಗರಿಗೆ ಹೊಟ್ಟೆ ಬಿರಿಯುವಷ್ಟು ಜೋಳ ತಿನ್ನಿಸಲು ಏರ್ಪಾಡು ಮಾಡಿದ್ದೆ. ಇಷ್ಟಾದರೂ ಮುಳ್ಳು ಕದಲಿಲ್ಲವೆಂದರೆ ಈ ಸಂವೇದಕ ಕೆಲಸಕ್ಕೆ ಬಾರದು. ಯೋಜನೆ ಇಲ್ಲಿಗೇ ನಿಂತಿತು. ನಿಮ್ಮ ಕೆಲಸವೂ.”

ಆಣೆಯಿಟ್ಟ ನಾಲಿಗೆಯನ್ನು ಹಿಂದಕ್ಕೆಳೆಯುವಂತಿರಲಿಲ್ಲ. ಗೋಪಾಲರಾಯನಿಗೆ ಕಡೆಯದೊಂದು ದಾರಿ ಕಂಡಿತು.

“ಸಾರ್, ತಿನ್ನಿಸಿದೆ ಅಂದವ್ರು ಸುಳ್ಳು ಹೇಳಿರಬೇಕು. ಈ ಓಣಿಯವರ ಮಾತು ನಂಬಬ್ಯಾಡ್ರಿ.”

“ಅವರು ಓಣಿಯವರಲ್ಲ. ನಿಮ್ಮ ಕೆಲಸ ಕಾಯಂ ಆಗುತ್ತದೆಂದ ಮೇಲೇ ಒಪ್ಪಿಕೊಂಡರು.”

ಟಗರು ಎದ್ದು ಅಡುಗೆಮನೆಯ ಕಡೆ ನಡೆಯಿತು. ಒಳಗೆ ಖಾಲಿ ಸೋಡಾ ಡಬ್ಬಿ ಕೆಳಗೆ ಬಿದ್ದ ಸದ್ದಾಯಿತು.

“ಯಾರು ಸಾರ್?”

“ಪದ್ಮಾಬಾಯಿ.”