ಪಕ್ಕದ ಮೇಜಿನ ಹಿಮಯುಗ

ಒಂದೇ ಸ್ಟಾಫ್ ರೂಮಿನಲ್ಲಿ ಇಬ್ಬರು ಭೂವಿಜ್ಞಾನದ ಮೇಷ್ಟ್ರುಗಳಿದ್ದರೆ ಒಬ್ಬನ ಕಲ್ಲು ಮಾತಾಡುತ್ತದೆ, ಇನ್ನೊಬ್ಬನದು ಸುಮ್ಮನೆ ಕೂತಿರುತ್ತದೆ. ಬಾಂದ್ರಾದ ನಮ್ಮ ಕಾಲೇಜಿನಲ್ಲಿ ಸುಮ್ಮನೆ ಕೂತಿರುವ ಕಲ್ಲು ನನ್ನದು. ಇದು ಒಮ್ಮೆ ಆಗಿ ಮುಗಿದ ಸಂಗತಿಯಲ್ಲ. ಪ್ರತಿ ಸೆಮಿಸ್ಟರಿನಲ್ಲೂ ಹೊಸದಾಗಿ ಆಗುತ್ತದೆ.

ನಾನು ಧಾರವಾಡದವನು. ನನ್ನ ವಿಷಯ ಬಸಾಲ್ಟ್, ಅಂದರೆ ಮುಂಬೈ ಯಾವುದರ ಮೇಲೆ ನಿಂತಿದೆಯೋ ಆ ಕರಿಯ ಲಾವಾ ಕಲ್ಲು. ಪಕ್ಕದ ಮೇಜಿನವರು ವಿಜಯಪುರದವರು. ಅವರ ಕಲ್ಲುಗಳು ಒಡಿಶಾದಿಂದ ಬಂದವು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ, ನಮ್ಮ ಈ ನೆಲ ದಕ್ಷಿಣ ಧ್ರುವದ ಹತ್ತಿರ ಇದ್ದಾಗ, ಹಿಮದ ಹಾಸುಗಳು ಎಳೆದು ತಂದು ಬಿಟ್ಟುಹೋದ ಕಲ್ಲುಗಳು ಅವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರನ್ನು ಬರ್ಫ್ ಸರ್, ಅಂದರೆ ಹಿಮದ ಮೇಷ್ಟ್ರು, ಎನ್ನುತ್ತಾರೆ. ನನಗೆ ಒಂದು ಅಡ್ಡಹೆಸರೂ ಇಲ್ಲ.

ಖಡಿ

ಕಾಲೇಜಿನ ಟ್ರಸ್ಟಿಯೊಬ್ಬರು ನಮ್ಮ ವಿಭಾಗ ನೋಡಲು ಬಂದರು. ಮುಖ್ಯಸ್ಥೆ ಅವರನ್ನು ಮೊದಲು ನನ್ನ ಮೇಜಿಗೇ ಕರೆತಂದರು. ನಾನು ಬಸಾಲ್ಟಿನ ತುಂಡು ಎತ್ತಿ, ಈ ಇಡೀ ನಗರ ಒಂದು ಕಾಲಕ್ಕೆ ಉರಿಯುವ ಲಾವಾ ಆಗಿತ್ತು ಎಂದೆ.

ಅವರು ಅದನ್ನು ತಿರುಗಿಸಿ ನೋಡಿದರು. "ಇದು ಖಡಿ ಅಲ್ಲವಾ? ರಸ್ತೆಗೆ ಹಾಕುತ್ತಾರಲ್ಲ?"

ಹೌದು, ರಸ್ತೆಗೂ ಹಾಕುತ್ತಾರೆ ಎಂದೆ.

ಅಷ್ಟರಲ್ಲಿ ಬರ್ಫ್ ಸರ್ ತಮ್ಮ ಕಲ್ಲೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದರು. ಒಂದು ಮುಖ ನುಣ್ಣಗೆ ಉಜ್ಜಿದಂತಿತ್ತು, ಅದರ ಮೇಲೆ ಸಾಲು ಸಾಲು ಗೀರು. "ಹಿಮದ ತಳದಾಗ ಸಿಕ್ಕು, ಕೆಳಗಿನ ಬಂಡಿಗಲ್ಲಿಗಿ ಉಜ್ಜಿಕೋತ ಬಂದೈತ್ರಿ ಇದು. ಹಿಮ ಹೋತು, ಗೀರು ಉಳೀತು," ಎಂದು ಮೆಲ್ಲಗೆ ಹೇಳಿ, ಅದನ್ನೇ ಹಿಂದಿಯಲ್ಲಿ ಇನ್ನೂ ಮೆಲ್ಲಗೆ ಹೇಳಿದರು.

ಟ್ರಸ್ಟಿಗೆ ರೋಮಾಂಚನವಾಯಿತು. ಆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು ಅನ್ನಿಸಿತು. ಒಂದು ಕೈಯಲ್ಲಿ ಚಹಾದ ಕಪ್ ಇತ್ತು. ಅದನ್ನು ನನ್ನ ಬಸಾಲ್ಟಿನ ಮೇಲೆ ಇಟ್ಟರು.

ಹೋಗುವ ಮುಂಚೆ ಅವರು ಒಂದು ಮಾತು ಹೇಳಿದರು. ಉತ್ತರ ಧ್ರುವದ ಕಡೆಯ ನಾರ್ವೆಯ ದ್ವೀಪವೊಂದರಲ್ಲಿ ಹಿಮನದಿಗಳ ಪಕ್ಕದಲ್ಲೇ ಇದ್ದು ಕಲಿಯುವ ಶಿಬಿರವಿದೆ, ನಿಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುತ್ತೇವೆ. ಒಬ್ಬರನ್ನು. ನಾವಿರುವುದು ಇಬ್ಬರು. ನಾನು ಈವರೆಗೆ ನೋಡಿದ ಅತಿ ದೊಡ್ಡ ಹಿಮರಾಶಿ ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿದೆ. ಆ ಸೀಟು ನನಗೆ ಬೇಕಾಗಿತ್ತು, ಮಕ್ಕಳಿಗೆ ಆಟಿಕೆ ಬೇಕಾಗುವ ಹಾಗೆ.

ವಿರಾರ್ ಲೋಕಲ್

ದುರದೃಷ್ಟಕ್ಕೆ ನಾವಿಬ್ಬರೂ ಇರುವುದು ದಹಿಸರ್‌ನಲ್ಲೇ, ಸಂಜೆ ಹೋಗುವುದೂ ಒಂದೇ ಲೋಕಲ್ ರೈಲಿನಲ್ಲಿ. ಒಂದು ದಿನ ಬಾಗಿಲ ಹತ್ತಿರ ಜನರ ನಡುವೆ ನೇತಾಡುತ್ತಿದ್ದಾಗ, ಹಿಮ ತಂದ ಕಲ್ಲೆಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೆಣಕಿದೆ.

"ನೋಡ್ರಿ ಸರ್," ಎಂದರು. "ಹೊಳಿ ಆದ್ರ ಆರಿಸಿ ಇಡತೈತಿ. ದೊಡ್ಡ ಕಲ್ಲು ಒಂದ್ ಕಡೆ, ಉಸುಕು ಒಂದ್ ಕಡೆ, ಕೆಸರು ಒಂದ್ ಕಡೆ. ಹಿಮಕ್ಕ ಆ ಬುದ್ಧಿ ಇಲ್ಲ. ಬಂಡಿ, ಹರಳು, ಹುಡಿ, ಎಲ್ಲಾ ಒಂದರಾಗ ತುರುಕಿ ತಂದು ಒಮ್ಮಿಗೇ ಇಳಿಸತೈತಿ. ಈ ವಿರಾರ್ ಲೋಕಲ್ ಇದ್ದಂಗ."

ಅಕ್ಕಪಕ್ಕದ ಕನ್ನಡ ಬಲ್ಲವರು ನಕ್ಕರು. ಏನಂತೆ ಎಂದು ಕೇಳಿದವರಿಗೆ ಯಾರೋ ಹಿಂದಿಯಲ್ಲಿ ತಿಳಿಸಿದರು. ಮೂರು ಜನರ ಬೆಂಚಿನಲ್ಲಿ ಮೂವರೂ ಸರಿದು ಬರ್ಫ್ ಸರ್‌ಗೆ ಚೌಥಿ ಸೀಟು, ಅಂದರೆ ನಾಲ್ಕನೆಯವರ ತುದಿಜಾಗ, ಮಾಡಿಕೊಟ್ಟರು. ಇಷ್ಟು ವರ್ಷ ಆ ಗಾಡಿಯಲ್ಲಿ ಓಡಾಡಿದ್ದೇನೆ, ನನಗೆ ಯಾರೂ ಅರ್ಧ ಇಂಚು ಸರಿದಿಲ್ಲ.

ಪ್ರಶ್ನೆಗಳು ಶುರುವಾದವು. ಅವರು ಕೂತಲ್ಲೇ ಮುಂದುವರಿಸಿದರು. ಸರೋವರದ ತಳದಲ್ಲಿ ನುಣುಪಾದ ಕೆಸರು ಪದರ ಪದರವಾಗಿ ಕೂತಿರುತ್ತದೆ. ಅದರ ನಡುವೆ ಎಲ್ಲಿಂದಲೋ ಬಂದ ಒಂದೇ ಒಂದು ದಪ್ಪ ಕಲ್ಲು. ಅಂದರೆ ಮೇಲೆ ಹಿಮದ ಗಡ್ಡೆ ತೇಲುತ್ತಿತ್ತು, ಅದು ಕರಗಿ ಹೊಟ್ಟೆಯಲ್ಲಿದ್ದ ಕಲ್ಲು ಜಾರಿತು. ಹಾಗೆ ಹೇಳುತ್ತಲೇ, ಸಾಮಾನಿನ ಹಲಗೆಯ ಮೇಲಿದ್ದ ಚೀಲದಿಂದ ಒಂದು ಮಾದರಿ ತೋರಿಸಲು ಎದ್ದರು. ಗಾಡಿ ಮಾಲಾಡ್ ಬಳಿ ಜಗ್ಗಿತು. ಕಲ್ಲು ನನ್ನ ಪಾದದ ಮೇಲೆ ಬಿತ್ತು.

"ಹಿಂಗ ನೋಡ್ರಿ," ಎಂದರು ಜನರ ಕಡೆ ತಿರುಗಿ. "ಕೆಳಗಿನ ಮೆತ್ತನ್ನ ಕೆಸರು ತಗ್ಗು ಬೀಳತೈತಿ."

ಗೋಡೆಯ ನೀರು

ಊದಿದ ಪಾದಕ್ಕೆ ಅರಿಶಿನ ಹಚ್ಚುತ್ತಾ ಹೆಂಡತಿ ಕೇಳಿದಳು. "ನಿಮ್ಮ ಬರ್ಫ್ ಸರ್ ಕೆಳಗಿನ ಬಂಡಿ ಮ್ಯಾಲಿನ ಗೀರು ನೋಡಿ ಹಿಮ ಯಾವ ಕಡಿಂದ ಯಾವ ಕಡಿಗೆ ಹೋಗಿತ್ತು ಅಂತ ಹೇಳ್ತಾರಂತ, ಖರೇನೇನ್ರಿ?"

ಹೇಳಬಹುದು, ಅದೇನು ದೊಡ್ಡ ವಿಷಯವಲ್ಲ ಎಂದೆ. ಗೀರಿನ ಸಾಲು ದಾರಿಯನ್ನು ತೋರಿಸುತ್ತದೆ. ಬೇರೆ ಕುರುಹುಗಳೂ ಸೇರಿದರೆ ದಿಕ್ಕು ತಿಳಿಯುತ್ತದೆ.

"ಕೋಟಿಗಟ್ಟಲೆ ವರ್ಷದ ಹಿಂದಿಂದು?"

"ಹೂಂ."

"ನಮ್ಮ ಅಡಗಿಮನಿ ಗ್ವಾಡಿಗೆ ನೀರು ಯಾವ ಕಡಿಂದ ಬರ್ತೈತಿ ಅಂತ ಹೋದ ಮಳಿಗಾಲದಿಂದ ಕೇಳಾಕತ್ತೀನಿ. ಮ್ಯಾಲಿನ ಮನಿಯವರದ್ದಲ್ಲ ಅಂತಾರ, ಬಿಲ್ಡಿಂಗ್ ಸೊಸಾಯಿಟಿಯವರು ತಮ್ದಲ್ಲ ಅಂತಾರ. ನೀವು ಭೂವಿಜ್ಞಾನಿ ಅದೀರಿ. ಅವರನ್ನರ ಒಂದ್ ದಿನ ಕರಕೊಂಡ್ ಬರ್ರಿ."

ಒಳ್ಳೆಯ ಪ್ರಶ್ನೆ

ಶಿಬಿರಕ್ಕೆ ಯಾರು ಎಂದು ನಿರ್ಧರಿಸುವ ಮೊದಲು ಮುಖ್ಯಸ್ಥೆ ನಮ್ಮಿಬ್ಬರದೂ ಒಂದೊಂದು ಉಪನ್ಯಾಸ ಇಟ್ಟರು. ನನ್ನದು ಮುಗಿದ ಮೇಲೆ ಒಬ್ಬನೇ ಕೈ ಎತ್ತಿದ. ಫ್ಯಾನ್ ಜೋರು ಮಾಡಲೇ ಎಂದು ಕೇಳಿದ.

ಬರ್ಫ್ ಸರ್ ಉಪನ್ಯಾಸಕ್ಕೆ ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ತಯಾರಾಗಿ ಬಂದಿದ್ದೆ. ಎದ್ದು ನಿಂತು, ಕಲ್ಲಿನ ಮೇಲೆ ಗೀರು ಬೀಳಲು ಹಿಮವೇ ಬೇಕೆಂದೇನಿಲ್ಲ, ಗುಡ್ಡ ಕುಸಿದರೂ ಬೀಳುತ್ತದೆ, ನೆಲ ಬಿರಿದು ಜರುಗಿದರೂ ಬೀಳುತ್ತದೆ, ಇಡೀ ಹಿಮಯುಗವನ್ನು ಒಂದು ಗೀರಿನ ಮೇಲೆ ಕಟ್ಟುವುದು ವಿಜ್ಞಾನವೋ ಭಕ್ತಿಯೋ ಎಂದು ಕೇಳಿದೆ.

ಬರ್ಫ್ ಸರ್ ಮುಖ ಅರಳಿತು. ಅವರು ಹೇಳಿದ್ದು ಹಿಂದಿಯಲ್ಲೇ, ನನ್ನ ಕಿವಿಗೆ ಮಾತ್ರ ಅದು ವಿಜಯಪುರದ ಕನ್ನಡವಾಗಿಯೇ ಬಿತ್ತು.

"ಸರ್ ಹೇಳಿದ್ದು ನೂರಕ್ಕ ನೂರು ಖರೆ. ಒಂದ ಗೀರಿನಿಂದ ಏನೂ ಹೇಳಾಕ ಬರೂದಿಲ್ಲ. ಅದಕ್ಕ ಎಲ್ಲಾ ಕೂಡಿಸಿ ನೋಡಬೇಕು." ಹಾಗೆಂದು ಫಲಕದ ಕಡೆ ತಿರುಗಿ ಒಂದೊಂದಾಗಿ ಬಿಡಿಸಿದರು. ತಳದಲ್ಲಿ ಉಜ್ಜಿ ನುಣುಪಾದ ಹಾಸುಬಂಡೆ. ಅದರ ಮೇಲೆ ಆರಿಸದೆ ಸುರಿದ ಕಲ್ಲು ಕೆಸರು. ಅದರ ಮೇಲೆ ಸರೋವರದ ಪದರ, ನಡುವೆ ಜಾರಿಬಿದ್ದ ಕಲ್ಲು. ಅದಕ್ಕೂ ಮೇಲೆ ಕಲ್ಲಿದ್ದಿಲು, ಅಂದರೆ ಹಿಮ ಹೋದಮೇಲೆ ಅಲ್ಲಿ ಕಾಡು ಬೆಳೆದಿತ್ತು. ಅಂಥದೇ ಕಲ್ಲು ಆಫ್ರಿಕಾದಲ್ಲಿದೆ, ಆಸ್ಟ್ರೇಲಿಯಾದಲ್ಲಿದೆ, ಆಗ ಈ ನೆಲಗಳೆಲ್ಲ ಕೂಡಿಕೊಂಡಿದ್ದವು.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. "ಸರ್, ಹಿಮ ತಾನಾಗೇ ಹೋಗಿ ಕಾಡು ಬಂತಲ್ಲ, ಹಾಗಾದರೆ ಈಗ ಬಿಸಿಯಾದರೆ ಇಷ್ಟು ಗದ್ದಲ ಯಾಕೆ?"

"ಅವಾಗ ಲಕ್ಷಗಟ್ಟಲೆ ವರ್ಷ ಹಿಡೀತವ್ವಾ. ಮತ್ತ ಅವಾಗ ಸಮುದ್ರದ ದಂಡಿ ಮ್ಯಾಲ ಬಾಂದ್ರಾ ಇರಲಿಲ್ಲ."

ಚಪ್ಪಾಳೆ. ನನಗೂ ತಟ್ಟಬೇಕಾಯಿತು, ಮೊದಲ ಸಾಲು ನೋಡಿ. ಹೊರಗೆ ಬರುವಾಗ ಮುಖ್ಯಸ್ಥೆ ನನ್ನ ಭುಜ ತಟ್ಟಿ ಮರಾಠಿಯಲ್ಲಿ ಹೇಳಿದರು: ಎಂಥ ಒಳ್ಳೆಯ ಪ್ರಶ್ನೆ ಕೇಳಿದಿರಿ, ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದಿರಾ?

ಬಿಟ್ಟುಕೊಟ್ಟದ್ದು

ಸೀಟು ಯಾರಿಗೆ ಎಂದು ಹೇಳುವ ದಿನ ಯಾರಿಗೂ ಕುತೂಹಲವಿರಲಿಲ್ಲ. ಮುಖ್ಯಸ್ಥೆ ಬರ್ಫ್ ಸರ್ ಹೆಸರು ಓದಿದರು. ಅಭಿನಂದನೆ ಹೇಳಲು ನಾನು ಮುಖ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವರು ಎದ್ದು ನಿಂತು ತಲೆ ಕೆರೆದುಕೊಂಡರು.

"ಆಗೂದಿಲ್ರಿ ಮೇಡಂ. ನನಗ ತಂಪು ಆಗಿಬರೂದಿಲ್ಲ. ಎಸಿ ಲೋಕಲ್ ಹತ್ತಿದ್ರ ಅಂಧೇರಿ ಬರೂದ್ರಾಗ ಮೂಗು ಕಟ್ಟತೈತಿ."

ಯಾರಿಗೂ ನಂಬಿಕೆ ಬರಲಿಲ್ಲ. ನಾನೇ ಕೇಳಿದೆ. "ಜೀವನವಿಡೀ ಹಿಮದ ಮೇಲೆ ಕೆಲಸ ಮಾಡಿದ್ದೀರಲ್ಲ?"

"ನನ್ನ ಹಿಮ ಕರಗಿ ಮೂವತ್ತು ಕೋಟಿ ವರ್ಷ ಆಗೇತ್ರಿ ಸರ್. ಅದನ್ನ ಒಡಿಶಾದ ಬಿಸಲಾಗ ಟೊಪ್ಪಿಗಿ ಹಾಕ್ಕೊಂಡು ನೋಡಬೇಕು. ಹಸೀ ಹಿಮ ನನಗ ಗೊತ್ತಿಲ್ಲ. ನೀವು ಹೋಗಿಬರ್ರಿ."

ಹೀಗೆ ಸೀಟು ನನಗೆ ಬಂತು. ನ್ಯಾಯವಾಗಿ ಬಂದಿದ್ದರೆ ಇಷ್ಟು ಸಂತೋಷವಾಗುತ್ತಿರಲಿಲ್ಲ. ಸುದ್ದಿ ದಹಿಸರ್‌ನ ನಮ್ಮ ಕನ್ನಡ ಸಂಘಕ್ಕೂ ಮುಟ್ಟಿತು. ಕಾರ್ಯದರ್ಶಿ ಫೋನ್ ಮಾಡಿ, ಭಾನುವಾರ ಸನ್ಮಾನ ಇಟ್ಟುಕೊಂಡಿದ್ದೇವೆ, ತಪ್ಪದೆ ಬರಬೇಕು ಎಂದರು. ನಾನು ಬೇಡ ಬೇಡ ಎಂದೆ, ಎಷ್ಟು ಹೊತ್ತಿಗೆ ಎಂದೂ ಕೇಳಿದೆ. ಹೆಂಡತಿ ನನ್ನ ಜುಬ್ಬಾ ಇಸ್ತ್ರಿ ಮಾಡಿಸಿದಳು.

ಮೇ ತಿಂಗಳ ಸಂಜೆ. ಸಭಾಂಗಣದ ಫ್ಯಾನುಗಳು ಬಿಸಿಗಾಳಿಯನ್ನು ಅತ್ತಿಂದಿತ್ತ ಸಾಗಿಸುತ್ತಿದ್ದವು. ಕಾರ್ಯದರ್ಶಿ ಮೈಕ್ ಹಿಡಿದು, ಇಂಥ ಸ್ವಾರ್ಥದ ನಗರದಲ್ಲಿ, ಕೈಗೆ ಬಂದ ವಿದೇಶ ಯಾತ್ರೆಯನ್ನು ಸಹೋದ್ಯೋಗಿಗಾಗಿ ಬಿಟ್ಟುಕೊಟ್ಟ ಮಹಾನುಭಾವರೊಬ್ಬರು ನಮ್ಮ ನಡುವೆ ಇದ್ದಾರೆ ಎಂದರು. ಬರ್ಫ್ ಸರ್ ಅವರನ್ನು ವೇದಿಕೆಗೆ ಕರೆದರು. ಮೂಗಿನ ವಿಷಯ ಹೇಳಲು ಅವರು ಬಾಯಿ ತೆರೆದರು, ಅಷ್ಟರಲ್ಲಿ ತಲೆಗೆ ಪೇಟ ಬಂತು, ಕೈಗೆ ಹಣ್ಣಿನ ಬುಟ್ಟಿ ಬಂತು.

ಆಮೇಲೆ ನನ್ನ ಹೆಸರು ಕೇಳಿಸಿತು. ಜುಬ್ಬಾ ಸರಿಮಾಡಿಕೊಂಡು ಹತ್ತಿದೆ. ಕಾರ್ಯದರ್ಶಿ ಒಂದು ದಪ್ಪ ಉಣ್ಣೆಯ ಶಾಲು ನನ್ನ ಕೈಗೆ ಕೊಟ್ಟು, "ತ್ಯಾಗದ ಫಲ ಉಂಡವರೇ ಹೊದಿಸಲಿ," ಎಂದರು.

ಹೊದಿಸಿದೆ. ಕ್ಯಾಮೆರಾದವನು ಇನ್ನೊಮ್ಮೆ ಎಂದ. ಇನ್ನೊಮ್ಮೆ ಹೊದಿಸಿದೆ. ಬೆವರಿನಲ್ಲಿ ತೊಯ್ದು ನಿಂತಿದ್ದ ಬರ್ಫ್ ಸರ್ ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಉಣ್ಣಿ ಚಲೋ ಐತ್ರಿ ಸರ್. ಅಲ್ಲಿ ಭಾಳ ತಂಪಂತ. ಹೋಗೂ ಮುಂದ ನೀವೂ ಇಂಥಾದ್ದೊಂದು ಕೊಂಡುಕೊಳ್ರಿ."